ಬಿಯಾಟ್ರಿಕ್ಸ್ ಪಾಟರ್ ಎಂಬ ಚಿತ್ರಗಾರ್ತಿಯ ಚರಿತ್ರೆ

ಮಕ್ಕಳಿಗೋಸ್ಕರ ಮಾಡುವ ಕೆಲಸವನ್ನು ಹಗುರವಾದದ್ದೆಂದು ಎಣಿಸುವವರು ಎಲ್ಲಾ ಊರುಗಳಲ್ಲಿಯೂ ಇದ್ದಾರೆ. ದೊಡ್ಡವರಿಗೆ ಕೊಡುವದನ್ನು ನಾವು ಆರಿಸಿ ಕೊಡುತ್ತೇವೆ. ಮಕ್ಕಳಿಗಾದರೋ ಮಿಕ್ಕದ್ದು ಸಾಕೆಂದು ಭಾವಿಸುತ್ತೇವೆ. ಈ ಭಾವನೆಯು ತಪ್ಪೆಂಬದನ್ನು ತನ್ನ ಜೀವಮಾನದಿಂದ ತೋರಿಸಿಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಆಕೆಯು ಇಂಗ್ಲೆಂಡ್ ದೇಶದವಳು. ಹೆಸರು ಬಿಯಾಟ್ರಿಕ್ಸ್ ಪಾಟರ್. ಅಂಗೈಯಗಲದ ಪುಸ್ತಕಗಳಲ್ಲಿ ಮೊಲ, ಇಲಿ, ಅಳಿಲು, ಬಾತುಕೋಳಿ ಮುಂತಾದವುಗಳ ಚಿತ್ರಗಳನ್ನು ಬರೆದು, ಅವುಗಳ ಸಂಗಡ ಕಥೆಯನ್ನೂ ತಾನೇ ಕಟ್ಟಿದವಳು. ಆ ಚಿಕ್ಕ ಪುಸ್ತಕಗಳಿಂದ ಬಂದ ಹಣವನ್ನು ಆಕೆಯು ಯಾವದರಲ್ಲಿ ಹಾಕಿದಳೆಂಬದು ಹೊಲ ಹಟ್ಟಿಗಳಲ್ಲಿ ದುಡಿಯುವವರು ವಿಶೇಷವಾಗಿ ತಿಳಿಯತಕ್ಕ ಸಂಗತಿಯಾಗಿದೆ.

1. ಮೇಲಂತಸ್ತಿನ ಕೋಣೆ

1866ನೆಯ ಇಸವಿ ಜುಲೈ 28ನೆಯ ತಾರೀಖಿನಲ್ಲಿ, ಲಂಡನ್ ಪಟ್ಟಣದ ಬೋಲ್ಟನ್ ಗಾರ್ಡನ್ಸ್ ಎಂಬ ಬೀದಿಯ ಒಂದು ದೊಡ್ಡ ಮನೆಯಲ್ಲಿ ಆಕೆಯು ಹುಟ್ಟಿದಳು. ತಂದೆಯಾದ ರೂಪರ್ಟ್ ಪಾಟರನು ವಕೀಲಿಯ ವಿದ್ಯೆಯನ್ನು ಕಲಿತವನು. ತಾಯಿಯ ಹೆಸರು ಹೆಲನ್. ಇಬ್ಬರ ಮನೆತನದವರೂ ಇಂಗ್ಲೆಂಡಿನ ಉತ್ತರ ಸೀಮೆಯಲ್ಲಿ ಹತ್ತಿಯ ವ್ಯವಹಾರದಿಂದ ಐಶ್ವರ್ಯವಂತರಾದವರು. ಅಜ್ಜನಾದ ಎಡ್ಮಂಡ್ ಪಾಟರನು ಬಟ್ಟೆಗೆ ಬಣ್ಣದ ಅಚ್ಚುಹಾಕುವ ದೊಡ್ಡ ಕಾರ್ಖಾನೆಯ ಯಜಮಾನನಾಗಿದ್ದನು. ಆದಕಾರಣ ಆ ಮನೆಯಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ, ಜೊತೆಗಾರರ ಕೊರತೆಯೊಂದಿತ್ತು. ಅಂಥಾ ಮನೆತನದ ಹುಡುಗಿಯರನ್ನು ಶಾಲೆಗೆ ಕಳುಹಿಸುವದು ಆಗ್ಗೆ ಹೆಚ್ಚಾಗಿ ವಾಡಿಕೆಯಲ್ಲಿರಲಿಲ್ಲ. ಈಕೆಯೂ ಶಾಲೆಯನ್ನು ನೋಡಲಿಲ್ಲ. ಮೇಲಂತಸ್ತಿನ ಒಂದು ಕೋಣೆಯಲ್ಲಿ ದಾದಿಯ ಕೈಯಲ್ಲಿ ಬೆಳೆದು, ಮನೆಗೆ ಬರುವ ಉಪಾಧ್ಯಾಯಿನಿಯರಿಂದ ಪಾಠ ಕಲಿತಳು. ಆರನೆಯ ವರ್ಷಕ್ಕೆ ಹತ್ತಿರವಾದಾಗ ಬರ್ಟ್ರಮ್ ಎಂಬ ತಮ್ಮನು ಹುಟ್ಟಿದನು. ಅವನೊಬ್ಬನೇ ಆಕೆಯ ಜೊತೆಗಾರನು; ಅವನೂ ಪ್ರಾಯಕ್ಕೆ ಬಂದಾಗ ದೂರದ ಶಾಲೆಗೆ ಹೋದನು.

ಮನುಷ್ಯರ ಮಕ್ಕಳು ಜೊತೆಗೆ ದೊರೆಯದೆ ಇರಲು, ಅಕ್ಕತಮ್ಮಂದಿರು ಪ್ರಾಣಿಗಳನ್ನು ಜೊತೆ ಮಾಡಿಕೊಂಡರು. ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ, ಮೈಯೆಲ್ಲಾ ಮುಳ್ಳುಳ್ಳ ಒಂದು ಸಣ್ಣ ಪ್ರಾಣಿ, ಒಂದು ಹಾವು ಸಹಾ ಆ ಕೋಣೆಯಲ್ಲಿ ವಾಸವಾಗಿದ್ದವು. ಅವುಗಳನ್ನು ಮುದ್ದಿಸಿ ಬಿಟ್ಟುಬಿಡದೆ, ಅವು ಕೂತುಕೊಳ್ಳುವ ರೀತಿ, ತಿನ್ನುವ ರೀತಿ, ಹೆದರುವ ರೀತಿ ಇವೆಲ್ಲವನ್ನೂ ನೋಡಿ ನೋಡಿ ಹುಡುಗಿಯು ಚಿತ್ರವಾಗಿ ಬರೆದಳು. ಪ್ರಾಣಿಯು ಸತ್ತರೆ ಅದನ್ನು ಬೇಯಿಸಿ, ಎಲುಬುಗಳನ್ನು ಬೇರೆಮಾಡಿ, ಯಾವ ಎಲುಬು ಯಾವದರೊಂದಿಗೆ ಕೂಡುತ್ತದೆಂದು ಕೂಡಾ ಪರೀಕ್ಷಿಸಿ ಬರೆಯುತ್ತಿದ್ದಳು. ಕೇಳುವದಕ್ಕೆ ಅಸಹ್ಯವಾಗಿ ತೋರಬಹುದು. ಆದರೆ ಮುಂದೆ ಆಕೆಯ ಚಿತ್ರಗಳಲ್ಲಿನ ಮೊಲವು ಅಂಗಿಯನ್ನು ತೊಟ್ಟಿದ್ದಾಗ್ಯೂ ನಿಜವಾದ ಮೊಲವಾಗಿಯೇ ಉಳಿದದ್ದಕ್ಕೆ ಇದೇ ಕಾರಣ.

ಬೇಸಿಗೆ ಬಂದಾಗ ಕುಟುಂಬದವರು ಪಟ್ಟಣವನ್ನು ಬಿಟ್ಟು ಹಳ್ಳಿಗಾಡಿಗೆ ಹೋಗುತ್ತಿದ್ದರು. 1871ರಿಂದ 1881ರ ವರೆಗೆ ಸ್ಕಾಟ್ಲೆಂಡ್ ದೇಶದ ಡಾಲ್ಗೈಸ್ ಎಂಬ ಸ್ಥಳಕ್ಕೂ, 1882ರಲ್ಲಿ ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಗುಡ್ಡಗಳೂ ಸರೋವರಗಳೂ ತುಂಬಿರುವ ಸೀಮೆಗೂ ಹೋದರು. ಈ ಸರೋವರಗಳ ಸೀಮೆಯು ಆಕೆಯ ಮನಸ್ಸನ್ನು ಕಟ್ಟಿಹಾಕಿತು. ಅಲ್ಲಿ ರೇ ಎಂಬ ಹಳ್ಳಿಯ ಸಭಾಪಾಲಕರಾಗಿದ್ದ ಹಾರ್ಡ್ವಿಕ್ ರಾನ್ಸ್ಲಿ ಎಂಬವರ ಪರಿಚಯವಾಯಿತು. ಹಣವಂತರು ಬಂದು ಗುಡ್ಡದ ಭೂಮಿಯನ್ನು ಕೊಂಡು ಬಂಗಲೆಗಳನ್ನು ಕಟ್ಟಿದರೆ, ಅಲ್ಲಿಯ ಬಡ ರೈತರೂ ಕುರಿಕಾಯುವವರೂ ನೆಲೆ ತಪ್ಪುವರೆಂದು ಆ ಸಭಾಪಾಲಕರು ಚಿಂತಿಸುತ್ತಿದ್ದರು. ಭೂಮಿಯನ್ನೂ ಹಳೆಯ ಮನೆಗಳನ್ನೂ ಎಲ್ಲಾ ಜನರಿಗೋಸ್ಕರ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಘವನ್ನು 1895ರಲ್ಲಿ ಸ್ಥಾಪಿಸಿದ ಮೂವರಲ್ಲಿ ಅವರೊಬ್ಬರು. ಈ ಸಂಘದ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಕಡೆಯಲ್ಲಿ ಅದು ತಿರಿಗಿ ಬರುವದು.

2. ಮುಚ್ಚಿದ ಬಾಗಿಲು

ಹುಡುಗಿಯು ಬೆಳೆದು ದೊಡ್ಡವಳಾದಳು. ಆದರೆ ಮನೆಯಲ್ಲಿ ಆಕೆಯ ಸ್ಥಿತಿಯು ಬದಲಾಗಲಿಲ್ಲ. ಮನೆವಾರ್ತೆಯನ್ನು ನೋಡಿಕೊಂಡು ತಂದೆತಾಯಿಗಳ ಹತ್ತಿರ ಇರುವದೇ ಮಗಳ ಕರ್ತವ್ಯವೆಂದು ಹಿರಿಯರು ತಿಳಿದಿದ್ದರು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವದಕ್ಕೆ ಯಾರೂ ಇಲ್ಲದ್ದರಿಂದ, ಸುಮಾರು ಹದಿನೈದನೆಯ ವರ್ಷದಿಂದ ಮೂವತ್ತನೆಯ ವರ್ಷದ ವರೆಗೆ ತಾನೇ ಕಲ್ಪಿಸಿದ ಗುಪ್ತಾಕ್ಷರಗಳಲ್ಲಿ ದಿನಚರಿಯನ್ನು ಬರೆದಿಟ್ಟಳು. ಅದನ್ನು ಆಕೆಯ ಮರಣದ ಅನೇಕ ವರ್ಷಗಳ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬವನು ಬಹು ಪ್ರಯಾಸದಿಂದ ಓದಿ ಅರ್ಥಮಾಡಿದನು.

ಈ ವರ್ಷಗಳಲ್ಲಿ ಆಕೆಯು ಬಹು ಶ್ರದ್ಧೆಯಿಂದ ಹಿಡಿದ ಕೆಲಸವು ಅಣಬೆಗಳ ಅಭ್ಯಾಸ. ಮಳೆಗಾಲದಲ್ಲಿ ನಮ್ಮ ಹೊಲಗಳ ಬದಿಯಲ್ಲಿಯೂ ಹುತ್ತಗಳ ಮೇಲೆಯೂ ಏಳುವ ಅಣಬೆಗಳನ್ನು ನಾವು ನೋಡಿಯೂ ನೋಡದೆ ಹೋಗುತ್ತೇವೆ. ಆಕೆಯಾದರೋ ಕಾಡಿನ ಅಣಬೆಗಳನ್ನು ಒಂದೊಂದಾಗಿ ತಂದು, ಬಣ್ಣವೂ ಗೆರೆಯೂ ತಪ್ಪದಂತೆ ನೂರಾರು ಚಿತ್ರಗಳನ್ನು ಬರೆದಳು. ಸ್ಕಾಟ್ಲೆಂಡಿನಲ್ಲಿ ಚಾರ್ಲ್ಸ್ ಮ್ಯಾಕಿಂಟೋಷ್ ಎಂಬ ಟಪಾಲಿನವನು ದಿನಾಲು ಮೈಲುಗಟ್ಟಲೆ ನಡೆದು ಕಾಗದಗಳನ್ನು ಹಂಚುತ್ತಾ, ದಾರಿಯ ಗಿಡಗಳನ್ನೂ ಪಾಚಿಗಳನ್ನೂ ಅಣಬೆಗಳನ್ನೂ ಕಂಡು ತಿಳಿದು ಪಂಡಿತನಾಗಿದ್ದನು. ಈ ಬಡ ಟಪಾಲಿನವನನ್ನೇ ಗುರುವಾಗಿ ಮಾಡಿಕೊಳ್ಳುವದಕ್ಕೆ ಐಶ್ವರ್ಯವಂತರ ಮಗಳು ನಾಚಲಿಲ್ಲ. ಅವನು ಅಣಬೆಗಳನ್ನು ಆಕೆಗೆ ಕಳುಹಿಸುತ್ತಿದ್ದನು. ಆಕೆಯು ಅವುಗಳ ಚಿತ್ರಗಳನ್ನು ಬರೆದು ಅವನಿಗೆ ಕಳುಹಿಸುತ್ತಿದ್ದಳು.

ಅಣಬೆಯಿಂದ ಉದುರುವ ಧೂಳಿನಂಥ ಬೀಜವು ಹೇಗೆ ಮೊಳೆಯುತ್ತದೆಂಬದನ್ನು ಆಕೆಯು ತಾನೇ ಮೊಳೆಯಿಸಿ, ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿ, ಒಂದು ಲೇಖನವನ್ನು ಬರೆದಳು. ಕ್ಯೂ ಎಂಬಲ್ಲಿಯ ಸರ್ಕಾರಿ ಸಸ್ಯೋದ್ಯಾನದ ಮುಖ್ಯಸ್ಥನು ಅದನ್ನು ಲಕ್ಷಿಸಲಿಲ್ಲ. 1897ನೆಯ ಇಸವಿ ಏಪ್ರಿಲ್ 1ರಲ್ಲಿ ಅದು ಲಂಡನಿನ ಲಿನಿಯನ್ ಸೊಸೈಟಿ ಎಂಬ ವಿದ್ವಾಂಸರ ಸಂಘದ ಮುಂದೆ ಬಂತು. ಆದರೆ ಆ ಕಾಲದಲ್ಲಿ ಅಲ್ಲಿಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆದಕಾರಣ ಬೇರೊಬ್ಬ ವಿದ್ವಾಂಸನು ಆಕೆಯ ಪರವಾಗಿ ಅದನ್ನು ಸಂಘದ ಮುಂದೆ ಇಡಬೇಕಾಯಿತು. ಇನ್ನೂ ಕೆಲಸ ಬೇಕೆಂಬ ಕಾರಣದಿಂದ ಲೇಖನವು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಿತು, ಅಚ್ಚಾಗಲೇ ಇಲ್ಲ. ನೂರು ವರ್ಷಗಳಾದ ಮೇಲೆ, 1997ರಲ್ಲಿ, ಆಕೆಗೆ ಅನ್ಯಾಯವಾಯಿತೆಂದು ಆ ಸಂಘವೇ ಒಪ್ಪಿಕೊಂಡಿತು. ಆಕೆಯ ಅಣಬೆಯ ಚಿತ್ರಗಳು ಮಾತ್ರ ವ್ಯರ್ಥವಾಗಲಿಲ್ಲ; ಅವುಗಳಲ್ಲಿ ಕೆಲವನ್ನು 1967ರಲ್ಲಿ ಅಣಬೆಗಳನ್ನು ಕುರಿತ ಒಂದು ಶಾಸ್ತ್ರಗ್ರಂಥದಲ್ಲಿ ಅಚ್ಚುಹಾಕಿದರು. ಆದರೆ ಆಗ ಆಕೆಯು ಈ ಲೋಕದಲ್ಲಿರಲಿಲ್ಲ.

ವಾಚಕರೇ, ಮೂವತ್ತು ವರ್ಷ ಪ್ರಾಯದ ಸ್ತ್ರೀಯೊಬ್ಬಳು ಕಣ್ಣು ನೋಯುವ ತನಕ ಮಾಡಿದ ಕೆಲಸವು ಹೀಗೆ ಮೂಲೆಗೆ ಬಿದ್ದರೆ ಆಕೆಯ ಮನಸ್ಸು ಎಷ್ಟು ಕಹಿಯಾಗಬಹುದು! ಆಕೆಯು ಹಾಗೆ ಕಹಿಯಾಗಿ ಕೂತುಕೊಳ್ಳಲಿಲ್ಲ. ಆಕೆಯ ಕೈಯಲ್ಲಿ ಇನ್ನೊಂದು ಸಣ್ಣ ಕೆಲಸವಿತ್ತು.

3. ಕಾಯಿಲೆಯ ಹುಡುಗನಿಗೆ ಬರೆದ ಕಾಗದ

ಆಕೆಯ ಕಡೆಯ ಉಪಾಧ್ಯಾಯಿನಿಯಾಗಿದ್ದ ಆನಿ ಕಾರ್ಟರ್ ಎಂಬಾಕೆಯು ಮದುವೆಯಾಗಿ ಆನಿ ಮೂರ್ ಎಂದು ಕರೆಯಲ್ಪಟ್ಟಳು. ಆಕೆಗೆ ಬಹಳ ಮಕ್ಕಳಿದ್ದರು. ಬಿಯಾಟ್ರಿಕ್ಸಳು ಆ ಮಕ್ಕಳನ್ನು ತನ್ನವರಂತೆ ಪ್ರೀತಿಸಿ, ದೂರ ಇದ್ದಾಗ ಚಿತ್ರಗಳುಳ್ಳ ಕಾಗದಗಳನ್ನು ಬರೆದು ಕಳುಹಿಸುತ್ತಿದ್ದಳು. ಹಿರಿಯ ಮಗನ ಹೆಸರು ನೋಯಲ್. 1893ರಲ್ಲಿ ಐದು ವರ್ಷದವನಾಗಿದ್ದ ಈ ಹುಡುಗನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು. ಆ ವರ್ಷ ಸೆಪ್ಟೆಂಬರ್ 4ರಲ್ಲಿ ಆಕೆಯು ಸ್ಕಾಟ್ಲೆಂಡಿನಿಂದ ಅವನಿಗೆ ಕಾಗದ ಬರೆಯಲು ಕೂತಳು. ಬರೆಯತಕ್ಕ ಸುದ್ದಿಯು ಯಾವದೂ ತೋಚಲಿಲ್ಲ. ಆಗ ತನ್ನ ಹತ್ತಿರವಿದ್ದ ಪೀಟರ್ ಎಂಬ ಮೊಲವನ್ನು ನೆನಸಿ, ನಾಲ್ಕು ಮೊಲದ ಮರಿಗಳ ಕಥೆಯನ್ನು ಕಟ್ಟಿ, ಮಾತುಗಳ ನಡುವೆ ಚಿತ್ರಗಳನ್ನು ಬರೆದು ಕಳುಹಿಸಿದಳು.

ಆ ಕಥೆಯ ಸಾರಾಂಶವೇನಂದರೆ: ತಾಯಿಮೊಲವು ಪೇಟೆಗೆ ಹೋಗುವಾಗ, ಮ್ಯಾಕ್ಗ್ರೆಗರ್ ಎಂಬವನ ತೋಟಕ್ಕೆ ಮಾತ್ರ ಹೋಗಬಾರದೆಂದು ಮಕ್ಕಳಿಗೆ ಬುದ್ಧಿಹೇಳುತ್ತದೆ, ಯಾಕಂದರೆ ಅವುಗಳ ತಂದೆಯು ಅಲ್ಲಿಯೇ ಸಿಕ್ಕಿಬಿದ್ದು ಆ ಮನೆಯವರ ಅಡಿಗೆಗೆ ಸೇರಿದ್ದನು. ಮೂರು ಮರಿಗಳು ಮಾತು ಕೇಳಿ ಹಣ್ಣು ಆರಿಸಲು ಹೋದವು. ಪೀಟರನಾದರೋ ನೆಟ್ಟಗೆ ಆ ತೋಟಕ್ಕೇ ನುಗ್ಗಿದನು. ಸೊಪ್ಪು, ಹುರುಳಿಕಾಯಿ, ಮೂಲಂಗಿಗಳನ್ನು ಹೊಟ್ಟೆ ಬಿರಿಯುವಷ್ಟು ತಿಂದನು. ತೋಟಗಾರನು ಅಟ್ಟಿಸಿಕೊಂಡು ಬರಲು, ಪಾದರಕ್ಷೆಗಳನ್ನು ಕಳಕೊಂಡು, ಬಲೆಯಲ್ಲಿ ಸಿಕ್ಕಿದ ಹೊಸ ಅಂಗಿಯನ್ನು ಬಿಟ್ಟು, ನೀರು ಹಾಕುವ ಪಾತ್ರೆಯಲ್ಲಿ ಅಡಗಿ, ಪ್ರಾಣಮಾತ್ರದಿಂದ ಮನೆ ಸೇರಿದನು. ತೋಟಗಾರನು ಆ ಬಟ್ಟೆಗಳನ್ನು ಪಕ್ಷಿಗಳನ್ನು ಬೆದರಿಸುವ ಬೆದರುಗೊಂಬೆಯಾಗಿ ನಿಲ್ಲಿಸಿದನು. ಪೀಟರನಿಗೆ ಆ ರಾತ್ರಿ ಔಷಧಿಯ ಕಷಾಯ. ಮಾತು ಕೇಳಿದ ಮರಿಗಳಿಗೆ ರೊಟ್ಟಿ, ಹಾಲು, ಹಣ್ಣು.

ಈ ಕಥೆಯು ಮಕ್ಕಳ ಮನಸ್ಸಿಗೆ ಹಿಡಿದದ್ದು ಯಾಕೆ? ಮುಖ್ಯ ಕಾರಣವು ಅದು ಸುಳ್ಳುಹೇಳದೆ ಇರುವದು. ತಪ್ಪಿಗೆ ಫಲವುಂಟು, ಅಪಾಯವು ನಿಜವಾದದ್ದು, ತಂದೆಯು ಸತ್ತದ್ದೂ ನಿಜ ಎಂದು ಕಥೆಯು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಚಿತ್ರಗಳೂ ಹಾಗೆಯೇ. ಅಂಗಿಯನ್ನೂ ಪಾದರಕ್ಷೆಗಳನ್ನೂ ತೊಟ್ಟಿರುವಾಗ ಪೀಟರನು ಹುಡುಗನಂತೆ ಎರಡು ಕಾಲಿನಿಂದ ನಡೆಯುತ್ತಾನೆ. ಪಾದರಕ್ಷೆಗಳನ್ನು ಕಳಕೊಂಡ ಕೂಡಲೇ ನಾಲ್ಕು ಕಾಲಿನಿಂದ ಓಡುವ ಬೆದರಿದ ಮೊಲವಾಗುತ್ತಾನೆ. ಎಲುಬುಗಳನ್ನು ಎಣಿಸಿ ಕಲಿತವಳ ಕೈ ಅಲ್ಲಿ ಕಾಣುತ್ತದೆ.

4. ಒಂದು ಶಿಲಿಂಗಿನ ಪುಸ್ತಕ

ನೋಯಲನು ಆ ಕಾಗದವನ್ನು ಜೋಪಾನವಾಗಿ ಇಟ್ಟಿದ್ದನು. ಏಳು ವರ್ಷಗಳ ಮೇಲೆ, ಇದನ್ನು ಪುಸ್ತಕ ಮಾಡಬಹುದಲ್ಲಾ ಎಂದು ಅವನ ತಾಯಿಯು ಸೂಚಿಸಲು, ಬಿಯಾಟ್ರಿಕ್ಸಳು ಕಾಗದವನ್ನು ಸಾಲವಾಗಿ ಪಡೆದು ಪ್ರತಿಮಾಡಿಕೊಂಡು ಕಥೆಯನ್ನು ಬೆಳಸಿದಳು. ಪುಸ್ತಕ ಪ್ರಕಟಿಸುವ ಆರು ಮಂದಿಗೆ ಕಳುಹಿಸಿದಳು, ಯಾರೂ ಒಪ್ಪಲಿಲ್ಲ. ಪುಸ್ತಕವು ದೊಡ್ಡದಾಗಿರಬೇಕು, ಬೆಲೆ ಹೆಚ್ಚಾಗಿರಬೇಕೆಂಬದು ಕೆಲವರ ಅಭಿಪ್ರಾಯ. ಆಕೆಯು ಬಗ್ಗಲಿಲ್ಲ. ಚಿಕ್ಕ ಕೈಗಳಿಗೆ ಚಿಕ್ಕ ಪುಸ್ತಕವೇ ತಕ್ಕದ್ದು. ಬೆಲೆಯು ಒಂದು ಶಿಲಿಂಗಿಗೆ ಹೆಚ್ಚಾದರೆ ಸಾಧಾರಣ ಮನೆಯ ಮಕ್ಕಳು ಕೊಂಡುಕೊಳ್ಳಲಾರರು ಎಂಬದು ಆಕೆಯ ನಿಶ್ಚಯವಾಗಿತ್ತು.

ಕಡೆಗೆ 1901ನೆಯ ಇಸವಿ ಡಿಸೆಂಬರದಲ್ಲಿ ತನ್ನ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚುಹಾಕಿಸಿ ಪರಿಚಯಸ್ಥರಿಗೆ ಕೊಟ್ಟಳು, ಮಾರಿದಳು. ಅವು ಬೇಗನೇ ಮುಗಿದವು. ಇನ್ನೂ 200 ಪ್ರತಿಗಳು ಬೇಕಾದವು. ಅಷ್ಟರೊಳಗೆ, ಮೊದಲು ನಿರಾಕರಿಸಿದ್ದ ಫ್ರೆಡರಿಕ್ ವಾರ್ನ್ ಕಂಪೆನಿಯವರು, ಚಿತ್ರಗಳನ್ನೆಲ್ಲಾ ಬಣ್ಣದಲ್ಲಿ ಬರೆದುಕೊಟ್ಟರೆ ಪ್ರಕಟಿಸುವೆವೆಂದು ಒಪ್ಪಿಕೊಂಡರು. 1902ನೆಯ ಇಸವಿ ಅಕ್ಟೋಬರದಲ್ಲಿ ಪೀಟರ್ ಮೊಲದ ಪುಸ್ತಕವು ಹೊರಬಂತು. ಮೊದಲನೆಯ 8,000 ಪ್ರತಿಗಳು ಹೊರಬರುವದಕ್ಕೆ ಮುಂಚೆಯೇ ಮಾರಿಹೋದವು. ವರ್ಷ ಮುಗಿಯುವಷ್ಟರಲ್ಲಿ 28,000 ಪ್ರತಿಗಳು ಅಚ್ಚಾದವು. ಒಬ್ಬ ಕಾಯಿಲೆಯ ಹುಡುಗನನ್ನು ಸಂತೋಷಪಡಿಸಲು ಬರೆದ ಕಾಗದವು ಹೀಗೆ ಸಾವಿರಾರು ಮಕ್ಕಳ ಕೈಗೆ ಬಂತು.

ಆ ಮೇಲೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಹೊಸ ಪುಸ್ತಕಗಳು ಬಂದವು. ಕೂಡಿಸಿದರೆ ಇಂಥಾ ಚಿಕ್ಕ ಪುಸ್ತಕಗಳು 23. ಪ್ರತಿಯೊಂದರಲ್ಲಿಯೂ ಆಕೆಯು ಕಣ್ಣಾರೆ ನೋಡಿದ್ದನ್ನೇ ಬರೆದಳು. 1903ರಲ್ಲಿ ಬಂದ ಅಳಿಲಿನ ಕಥೆಗೆ ಡರ್ವೆಂಟ್ವಾಟರ್ ಎಂಬ ಸರೋವರವನ್ನೂ ಅದರ ನಡುವಣ ದ್ವೀಪವನ್ನೂ ಇದ್ದ ಹಾಗೆಯೇ ಬರೆದಳು. ಅದೇ ವರ್ಷದ ಇನ್ನೊಂದು ಪುಸ್ತಕವು ಗ್ಲಾಸ್ಟರ್ ಎಂಬ ಊರಿನ ಬಡ ದರ್ಜಿಯೊಬ್ಬನ ಕಥೆ. ಅವನು ಕಾಯಿಲೆ ಬಿದ್ದಿರುವಾಗ ಇಲಿಗಳು ರಾತ್ರಿಯಲ್ಲಿ ಕೂತು, ಒಂದು ಗುಂಡಿಯ ಕಾಜಾ ಹೊರತಾಗಿ ಇಡೀ ಅಂಗಿಯನ್ನು ಹೊಲಿದು ಮುಗಿಸುತ್ತವೆ. ನೂಲು ಸಾಲಲಿಲ್ಲವಾದ್ದರಿಂದ ಅದೊಂದು ಉಳಿಯಿತು. ಆ ಕಥೆಯ ಬಟ್ಟೆಗಳ ಕಸೂತಿಯು ಸರಿಯಾಗಿ ಬರಬೇಕೆಂದು, ಲಂಡನಿನ ವಸ್ತುಸಂಗ್ರಹಾಲಯದಲ್ಲಿದ್ದ ಹಳೇ ಕಾಲದ ಅಂಗಿಗಳನ್ನು ನೋಡಿ ಎಳೆಎಳೆಯಾಗಿ ಬರೆದಳು. 1905ರಲ್ಲಿ ಬಟ್ಟೆ ಒಗೆಯುವ ಮುದುಕಿಯ ಪುಸ್ತಕವು ಬಂತು. ಸ್ಕಾಟ್ಲೆಂಡಿನಲ್ಲಿ ತಮ್ಮ ಮನೆಯ ಬಟ್ಟೆಗಳನ್ನು ಒಗೆಯುತ್ತಿದ್ದ ಕಿಟ್ಟಿ ಮ್ಯಾಕ್ಡೊನಲ್ಡ್ ಎಂಬ ಮುದುಕಿಯನ್ನು ಆಕೆಯು ಮರೆತಿರಲಿಲ್ಲ. ಚಿತ್ರದಲ್ಲಿ ಆ ಮುದುಕಿಯ ಸ್ಥಾನದಲ್ಲಿ ನಿಂತದ್ದು ತನ್ನ ಸಾಕಿದ ಮುಳ್ಳಿನ ಪ್ರಾಣಿ. ಅದನ್ನು ಬಹಳ ಹೊತ್ತು ನಿಲ್ಲಿಸಿದರೆ ಮೊದಲು ಆಕಳಿಸಿ ಆ ಮೇಲೆ ಕಚ್ಚುತ್ತಿತ್ತಂತೆ.

ಮಕ್ಕಳಿಗೆ ಇಷ್ಟು ಸೂಕ್ಷ್ಮ ತಿಳಿಯುವದೋ ಎಂದು ಕೇಳುವವರು ಆಗಲೂ ಇದ್ದಿರಬಹುದು. ಆದರೆ ಮಕ್ಕಳು ಒಂದೇ ಚಿತ್ರವನ್ನು ನೂರು ಸಾರಿ ನೋಡುತ್ತಾರೆಂಬದು ಮಕ್ಕಳಿರುವ ಮನೆಯವರೆಲ್ಲರಿಗೂ ಗೊತ್ತು. ನೂರು ಸಾರಿ ನೋಡಿದರೂ ಸುಳ್ಳು ಕಾಣದಂತೆ ಆಕೆಯು ಬರೆದಳು.

5. ದುಃಖವೂ ಹೊಲವೂ

ಪುಸ್ತಕಗಳ ಕೆಲಸದಲ್ಲಿ ವಾರ್ನ್ ಸಹೋದರರಲ್ಲಿ ಕಿರಿಯನಾದ ನಾರ್ಮನ್ ವಾರ್ನನು ಆಕೆಗೆ ಸಹಾಯಕನಾಗಿದ್ದನು. ಅವನು ಸೌಮ್ಯನು, ಕೈಕೆಲಸ ಬಲ್ಲವನು. ಆಕೆಯ ಇಲಿಗಳ ಚಿತ್ರಕ್ಕೋಸ್ಕರ ಗಾಜಿನ ಮುಖವುಳ್ಳ ಒಂದು ಗೂಡನ್ನು ಮಾಡಿಕೊಟ್ಟನು. ಅವನು ತನ್ನ ಅಣ್ಣನ ಮಗಳಿಗೆ ಮಾಡಿದ್ದ ಗೊಂಬೆಮನೆಯನ್ನು ನೋಡಲು ಹೋಗುವದಕ್ಕೆ ಆಕೆಗೆ ತಾಯಿಯ ಅಪ್ಪಣೆ ಸಿಕ್ಕದಿರಲು, ಅದರ ಛಾಯಾಚಿತ್ರಗಳನ್ನು ಕಳುಹಿಸಿದನು. 1905ನೆಯ ಇಸವಿ ಜುಲೈ 25ರಲ್ಲಿ ಅವನು ಮದುವೆಯ ವಿಷಯವಾಗಿ ಕಾಗದ ಬರೆದನು. ಆಕೆಗೆ ಮೂವತ್ತೊಂಭತ್ತು ವರ್ಷ ತುಂಬಲು ಕೆಲವೇ ದಿನಗಳಿದ್ದವು. ಆಕೆಯು ಒಪ್ಪಿದಳು. ತಂದೆತಾಯಿಗಳು ಒಪ್ಪಲಿಲ್ಲ, ಅವನು ವ್ಯಾಪಾರ ಮಾಡಿ ಜೀವಿಸುವವನೆಂಬದೇ ಅವರ ಆಕ್ಷೇಪಣೆ. ತಮ್ಮ ಸ್ವಂತ ಐಶ್ವರ್ಯವು ಬಟ್ಟೆಯ ವ್ಯಾಪಾರದಿಂದ ಬಂದದ್ದನ್ನು ಅವರು ಮರೆತರು. ಆದಾಗ್ಯೂ ಆಕೆಯು ಮಾತು ತಪ್ಪದೆ ಅವನ ಉಂಗುರವನ್ನು ಧರಿಸಿದಳು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 25ರಲ್ಲಿ, ನಾರ್ಮನನು ರಕ್ತದ ರೋಗದಿಂದ ಮರಣಹೊಂದಿದನು. ಆಕೆಯು ಅವನ ಹತ್ತಿರ ಸಹಾ ಇರಲಿಲ್ಲ.

ಈ ಸಿಡಿಲು ಬಿದ್ದ ಮೇಲೆ ಆಕೆಯು ಏನು ಮಾಡಿದಳು? ಆ ವರ್ಷವೇ, ಪುಸ್ತಕಗಳಿಂದ ಬಂದ ಹಣವನ್ನೂ ಬಂಧುವೊಬ್ಬಳು ಬಿಟ್ಟುಹೋದ ಸ್ವಲ್ಪ ಹಣವನ್ನೂ ಸೇರಿಸಿ, ಸರೋವರಗಳ ಸೀಮೆಯ ನಿಯರ್ ಸಾರಿ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ 34 ಎಕರೆ ಹೊಲಮನೆಯನ್ನು ಕೊಂಡುಕೊಂಡಳು. ಬೇಸಾಯವನ್ನು ನೋಡಿಕೊಳ್ಳಲು ಜಾನ್ ಕ್ಯಾನನ್ ಎಂಬ ರೈತನ ಕುಟುಂಬವನ್ನು ಅಲ್ಲಿಯೇ ಇರಿಸಿಕೊಂಡಳು. ತಂದೆತಾಯಿಗಳ ಸೇವೆಗಾಗಿ ಲಂಡನಿನಲ್ಲಿ ಇರಬೇಕಾಗಿದ್ದರಿಂದ ಆಗಾಗ್ಗೆ ಕೆಲವು ದಿನಗಳು ಮಾತ್ರ ಬಂದು ಹೋಗುತ್ತಿದ್ದಳು. ಬಂದಾಗಲೆಲ್ಲಾ ಕುರಿ, ದನ, ಹಂದಿ, ಕೋಳಿಗಳ ಲೆಕ್ಕವನ್ನೂ, ಬೇಲಿ ಗೋಡೆಗಳ ದುರಸ್ತಿಯನ್ನೂ ಒಂದೊಂದಾಗಿ ಕಲಿತಳು.

ಹೊಲವು ಆಕೆಗೆ ಚಿತ್ರಗಳನ್ನೂ ಕೊಟ್ಟಿತು. ಆ ಮನೆಯ ಮೆಟ್ಟಲುಗಳು, ಒಲೆ, ತೋಟದ ಬಾಗಿಲು, ಗೋಡೆಯೊಳಗಣ ಇಲಿಗಳು ಎಲ್ಲವೂ ಪುಸ್ತಕಗಳಲ್ಲಿ ಸೇರಿದವು. 1907ರಲ್ಲಿ ಬೆಕ್ಕಿನ ಮರಿಯ ಕಥೆಯೂ, 1908ರಲ್ಲಿ ತನ್ನ ಮೊಟ್ಟೆಗಳಿಗೆ ತಾನೇ ಕಾವು ಕೊಡಬೇಕೆಂದು ಹೋಗಿ ನರಿಯ ನಯಮಾತಿಗೆ ಮೋಸಹೋದ ಬಾತುಕೋಳಿಯ ಕಥೆಯೂ ಹುಟ್ಟಿದವು. ಆ ಬಾತುಕೋಳಿಯ ಪುಸ್ತಕದಲ್ಲಿ ರೈತನ ಹೆಂಡತಿಯ ಚಿತ್ರವೂ ಮಕ್ಕಳ ಚಿತ್ರವೂ ಉಂಟು. ಇಂದಿಗೂ ಆ ಹಳ್ಳಿಗೆ ಹೋದವರು ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದೊಂದು ಸ್ಥಳವನ್ನು ಗುರುತಿಸುತ್ತಾರೆ.

1909ರಲ್ಲಿ ಹತ್ತಿರದ ಕಾಸಲ್ ಫಾರ್ಮ್ ಎಂಬ ಇನ್ನೊಂದು ಹೊಲವನ್ನು ಕೊಂಡಳು. ಭೂಮಿಯ ಕ್ರಯಪತ್ರಗಳನ್ನು ನೋಡಿಕೊಡುತ್ತಿದ್ದವನು ವಿಲಿಯಮ್ ಹೀಲಿಸ್ ಎಂಬ ಊರ ವಕೀಲನು. ಅವನು ಮದುವೆಯ ಮಾತು ಎತ್ತಿದಾಗ ತಂದೆತಾಯಿಗಳು ತಿರಿಗಿ ಅಡ್ಡಿಮಾಡಿದರು; ಹಳ್ಳಿಯ ವಕೀಲನು ತಮಗೆ ಸಮಾನನಲ್ಲವೆಂದರು. ಆಗ ತಮ್ಮನಾದ ಬರ್ಟ್ರಮನು ಅಕ್ಕನ ಸಹಾಯಕ್ಕೆ ಬಂದು, ತಾನು ಹನ್ನೊಂದು ವರ್ಷಗಳ ಹಿಂದೆಯೇ ಯಾರಿಗೂ ಹೇಳದೆ ಮದುವೆಯಾದದ್ದನ್ನು ಬಿಚ್ಚಿಹೇಳಿದನು. 1913ನೆಯ ಇಸವಿ ಅಕ್ಟೋಬರ್ 15ರಲ್ಲಿ, ತನ್ನ ನಾಲ್ವತ್ತೇಳನೆಯ ಪ್ರಾಯದಲ್ಲಿ, ಆಕೆಯು ಹೀಲಿಸನನ್ನು ಮದುವೆಯಾಗಿ ಹಳ್ಳಿಯಲ್ಲಿ ನೆಲೆಗೊಂಡಳು. ಮೂವತ್ತು ವರ್ಷ ಅವರು ಸಮಾಧಾನದಿಂದ ಬಾಳಿದರು. ಮಕ್ಕಳಾಗಲಿಲ್ಲ.

6. ಕುರಿಗಳ ಯಜಮಾನಿ

ಅಲ್ಲಿಂದ ಮುಂದೆ ಕಣ್ಣುಗಳ ಶಕ್ತಿಯು ಕುಂದುತ್ತಾ ಬಂದು ಚಿತ್ರಗಳು ಕಡಿಮೆಯಾದವು. 1917ರಲ್ಲಿ ವಾರ್ನ್ ಸಹೋದರರಲ್ಲಿ ಒಬ್ಬನು ಖೋಟಾ ಕಾಗದಗಳನ್ನು ಮಾಡಿ ಸೆರೆಗೆ ಹೋದನು. ಕಂಪೆನಿಯು ಬೀಳುವ ಸ್ಥಿತಿಗೆ ಬಂತು. ಆಕೆಗೆ ಬರಬೇಕಾದ ಹಣವೂ ನಿಂತಿತ್ತು. ಆದರೂ ಆಕೆಯು ನಾರ್ಮನನ ಮನೆಯವರನ್ನು ಕೈಬಿಡದೆ, ಹಳೇ ಚಿತ್ರಗಳನ್ನು ಹುಡುಕಿ ತೆಗೆದು ಒಂದು ಪುಸ್ತಕ ಮಾಡಿಕೊಟ್ಟು ಕಂಪೆನಿಯು ಏಳುವಂತೆ ಸಹಾಯಮಾಡಿದಳು.

ಊರಲ್ಲಿ ಆಕೆಯು ಹೀಲಿಸಮ್ಮನಾಗಿಯೇ ಇದ್ದಳು. ಉಣ್ಣೆಯ ದಪ್ಪ ಬಟ್ಟೆಯನ್ನುಟ್ಟು, ಮರದ ಅಟ್ಟೆಯ ಪಾದರಕ್ಷೆಗಳನ್ನು ಮೆಟ್ಟಿ, ಮಳೆ ಬಂದರೆ ಗೋಣಿಯನ್ನು ಹೊದ್ದು ಹೊಲದಲ್ಲಿ ತಿರುಗುತ್ತಿದ್ದಳು. ಒಮ್ಮೆ ಮಳೆಯಲ್ಲಿ ಎದುರಾದ ತಿರುಕನೊಬ್ಬನು ಈಕೆಯೂ ತನ್ನಂತೆ ನೆಲೆಯಿಲ್ಲದವಳೆಂದು ತಿಳಿದು ಮರುಕದ ಮಾತಾಡಿದನೆಂದು ಹೇಳುತ್ತಾರೆ. ಆಸುಪಾಸಿನ ಹಳ್ಳಿಗಳ ರೋಗಿಗಳನ್ನು ನೋಡಿಕೊಳ್ಳಲು ಮನೆಮನೆಗೆ ಹೋಗುವ ಒಬ್ಬ ದಾದಿಯನ್ನು ನೇಮಿಸಬೇಕೆಂದು ಪ್ರಯಾಸಪಟ್ಟು ಅದನ್ನೂ ಸಾಧಿಸಿದಳು.

ಆಕೆಗೆ ಬಹು ಪ್ರಿಯವಾದದ್ದು ಹರ್ಡ್ವಿಕ್ ಎಂಬ ಕುರಿಗಳ ಜಾತಿ. ಇವುಗಳ ಮರಿಗಳು ಹುಟ್ಟುವಾಗ ಕಪ್ಪು; ಬೆಳೆದ ಹಾಗೆ ಬೂದಿಬಣ್ಣವಾಗುತ್ತವೆ. ಉಣ್ಣೆಯು ಒರಟು, ಬೆಲೆ ಕಡಿಮೆ. ಆದರೆ ಚಳಿಯನ್ನೂ ಹಿಮವನ್ನೂ ಬೇರೆ ಕುರಿಗಳಿಗಿಂತ ಚೆನ್ನಾಗಿ ಸಹಿಸುತ್ತವೆ. ಇನ್ನೊಂದು ಆಶ್ಚರ್ಯವುಂಟು. ಬೇಲಿಯಿಲ್ಲದ ಆ ಗುಡ್ಡಗಳಲ್ಲಿ ಪ್ರತಿ ಮಂದೆಗೂ ತನ್ನ ಪಾಲಿನ ಮೇವಿನ ಸ್ಥಳವು ಗೊತ್ತು. ತಾಯಿಯ ಸಂಗಡ ತಿರುಗಿ ಮರಿಯು ಅದನ್ನು ಕಲಿಯುತ್ತದೆ. ಆ ಮರಿಯಿಂದ ಅದರ ಮರಿಯು ಕಲಿಯುತ್ತದೆ. ಒಮ್ಮೆ ಮಂದೆಯನ್ನು ಮಾರಿ ಚದರಿಸಿದರೆ ಆ ತಿಳುವಳಿಕೆಯೂ ಹೋಯಿತು. ಹೊಸ ಕುರಿಗಳನ್ನು ಕೊಂಡುತಂದರೆ ಅವು ನಿಲ್ಲುವದಿಲ್ಲ. ಕುರಿ ಸಾಕುವವರಿಗೆ ಇದರ ಬೆಲೆಯು ತಿಳಿಯದೆ ಇರದು.

1923ರಲ್ಲಿ ಟ್ರೌಟ್ಬೆಕ್ ಪಾರ್ಕ್ ಎಂಬ ಬಹು ದೊಡ್ಡ ಗುಡ್ಡದ ಹೊಲವನ್ನು ಆಕೆಯು ಕೊಂಡಳು. ಅಲ್ಲಿಯ ಕುರಿಗಳು ಜೌಗುನೆಲದಲ್ಲಿ ಮೇಯ್ದು, ಪಿತ್ತಜನಕಾಂಗವನ್ನು ಸೇರುವ ಹುಳದಿಂದ ಸಾಯುತ್ತಿದ್ದವು. ಆಕೆಯು ಔಷಧವನ್ನು ತರಿಸಿ, ಟಾಮ್ ಸ್ಟೋರಿ ಎಂಬ ನಿಪುಣನಾದ ಕುರಿಗಾರನನ್ನು ಒಳ್ಳೇ ಸಂಬಳ ಕೊಟ್ಟು ನೇಮಿಸಿ, ಮಂದೆಯನ್ನು ಎತ್ತಿ ನಿಲ್ಲಿಸಿದಳು. ಊರ ಸಂತೆಗಳ ಪ್ರದರ್ಶನಗಳಲ್ಲಿ ಆಕೆಯ ಕುರಿಗಳಿಗೆ ಬಹುಮಾನಗಳು ಬಂದವು. ಕಡೆಗೆ, ಗಂಡಸರೇ ತುಂಬಿದ್ದ ಹರ್ಡ್ವಿಕ್ ಕುರಿಗಾರರ ಸಂಘದವರು ಆಕೆಯನ್ನು ಮುಂದಿನ ಅಧ್ಯಕ್ಷಳಾಗಿ ಆರಿಸಿಕೊಂಡರು. ವಿದ್ವಾಂಸರ ಸಂಘವು ಒಳಗೆ ಸೇರಿಸದವಳನ್ನು ಕುರಿಕಾಯುವವರು ತಮ್ಮ ತಲೆಯಲ್ಲಿ ಕೂಡ್ರಿಸಿದರು.

7. ಬಿಟ್ಟುಹೋದ ಸ್ವಾಸ್ತ್ಯ

ಇಷ್ಟು ಭೂಮಿಯನ್ನು ಆಕೆಯು ಯಾಕೆ ಕೊಂಡಳು? ಆಸೆಯಿಂದಲ್ಲ. ಸಭಾಪಾಲಕರಾದ ರಾನ್ಸ್ಲಿಯವರ ಮಾತು ಆಕೆಯ ಮನಸ್ಸಿನಲ್ಲಿ ಬೇರೂರಿತ್ತು. ಹೊಲಗಳು ತುಂಡುತುಂಡಾಗಿ ಬಂಗಲೆ ಕಟ್ಟುವವರ ಪಾಲಾಗದೆ, ದುಡಿಯುವ ರೈತರ ಕೈಯಲ್ಲಿಯೇ ಉಳಿಯಬೇಕೆಂಬದೇ ಆಕೆಯ ಗುರಿ. 1927ರಲ್ಲಿ ವಿಂಡರ್ಮಿಯರ್ ಸರೋವರದ ದಡದಲ್ಲಿ ಒಂದು ತುಂಡು ಭೂಮಿಯು ಅಂಥಾ ಅಪಾಯಕ್ಕೆ ಸಿಕ್ಕಿದಾಗ, ಪೀಟರ್ ಮೊಲದ 50 ಚಿತ್ರಗಳನ್ನು ಸ್ವಂತ ಕೈಯಿಂದ ಬರೆದು ಅಮೇರಿಕದವರಿಗೆ ಮಾರಿ ಹಣ ಕೂಡಿಸಿದಳು. 1930ರಲ್ಲಿ ಮಂಕ್ ಕೋನಿಸ್ಟನ್ ಎಂಬ ಸುಮಾರು 4,000 ಎಕರೆಯ ಆಸ್ತಿಯು ಮಾರಾಟಕ್ಕೆ ಬರಲು, ತಾನೇ ಮುಂದೆ ಬಿದ್ದು ಕೊಂಡು, ಅದರಲ್ಲಿ ಅರ್ಧವನ್ನು ತಾನು ಕೊಟ್ಟ ಬೆಲೆಗೇ ನ್ಯಾಷನಲ್ ಟ್ರಸ್ಟಿಗೆ ಕೊಟ್ಟಳು. ಆ ಸಂಘದ ಪರವಾಗಿ ಅದರ ಮೇಲ್ವಿಚಾರಣೆಯನ್ನೂ ಕೆಲವು ವರ್ಷ ಮಾಡಿದಳು.

1943ನೆಯ ಇಸವಿ ಡಿಸೆಂಬರ್ 22ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಆಕೆಯು ತನ್ನ ಹಳ್ಳಿಯ ಮನೆಯಲ್ಲಿಯೇ ತೀರಿಕೊಂಡಳು. ಕುರಿಗಾರರ ಅಧ್ಯಕ್ಷಳಾಗಿ ಕೂತುಕೊಳ್ಳುವ ದಿನವನ್ನು ಕಾಣಲಿಲ್ಲ. ಆಕೆಯ ಇಷ್ಟದಂತೆ ದೇಹವನ್ನು ದಹಿಸಿ, ಬೂದಿಯನ್ನು ಕುರಿಗಾರನಾದ ಟಾಮ್ ಸ್ಟೋರಿಯು ಹಿಲ್ ಟಾಪಿನ ಮೇಲಣ ಗುಡ್ಡದಲ್ಲಿ ಚೆಲ್ಲಿದನು, ಸ್ಥಳವನ್ನು ಗುಟ್ಟಾಗಿಟ್ಟನು. ಹೀಗೆ ಆಕೆಯ ಹೆಸರಿಗೆ ಸಮಾಧಿಯ ಕಲ್ಲೂ ಇಲ್ಲ.

ಮರಣಪತ್ರವನ್ನು ತೆರೆದು ನೋಡಿದಾಗ, 4,000 ಎಕರೆಗೂ ಮೇಲ್ಪಟ್ಟ ಭೂಮಿ, ಹದಿನೈದರಷ್ಟು ಹೊಲಮನೆಗಳು, ರೈತರ ಅನೇಕ ಗುಡಿಸಲು ಮನೆಗಳು, ದನಗಳು, ಕುರಿಮಂದೆಗಳು ಇವೆಲ್ಲವನ್ನೂ ಗಂಡನ ಕಾಲವಾದ ಮೇಲೆ ನ್ಯಾಷನಲ್ ಟ್ರಸ್ಟಿಗೆ ಸೇರುವಂತೆ ಬರೆದಿದ್ದಳು. ಗುಡ್ಡದ ಹೊಲಗಳಲ್ಲಿ ಹರ್ಡ್ವಿಕ್ ಕುರಿಗಳನ್ನೇ ಮುಂದುವರಿಸಬೇಕೆಂಬ ಕರಾರನ್ನೂ ಹಾಕಿದ್ದಳು. ಹೀಲಿಸನು 1945ರಲ್ಲಿ ತೀರಿಕೊಂಡನು. 1946ರಲ್ಲಿ ಹಿಲ್ ಟಾಪ್ ಮನೆಯನ್ನು ಜನರು ನೋಡುವದಕ್ಕಾಗಿ ತೆರೆದರು. 2017ರಲ್ಲಿ ಯುನೆಸ್ಕೋ ಸಂಸ್ಥೆಯವರು ಆ ಸರೋವರಗಳ ಸೀಮೆಯನ್ನು, ಅದರ ಕುರಿಸಾಕಣೆಯ ಬಾಳ್ವೆಯನ್ನೂ ಲಕ್ಷಿಸಿ, ಲೋಕದ ಸ್ವಾಸ್ತ್ಯಗಳ ಪಟ್ಟಿಯಲ್ಲಿ ಸೇರಿಸಿದರು.

ವಾಚಕರೇ, ಈ ಚರಿತ್ರೆಯನ್ನು ಹಿಂದಕ್ಕೆ ತಿರಿಗಿ ನೋಡಿರಿ. ಗುಡ್ಡದ ಮೇಲೆ ಈಗಲೂ ಮೇಯುವ ಆ ಕುರಿಗಳು ಎಲ್ಲಿಂದ ಉಳಿದವು? ಹೊಲದಿಂದ. ಹೊಲವು ಎಲ್ಲಿಂದ ಬಂತು? ಒಂದು ಶಿಲಿಂಗಿನ ಪುಸ್ತಕಗಳಿಂದ. ಪುಸ್ತಕವು ಎಲ್ಲಿಂದ ಬಂತು? ಹಾಸಿಗೆ ಹಿಡಿದ ಐದು ವರ್ಷದ ಹುಡುಗನಿಗೆ ಬರೆದ ಒಂದು ಕಾಗದದಿಂದ. ಆ ದಿನ ಆಕೆಯು ಬರೆಯತಕ್ಕ ಸುದ್ದಿ ಇಲ್ಲವೆಂದು ಲೇಖಣಿಯನ್ನು ಕೆಳಗಿಟ್ಟಿದ್ದರೆ ಇದೊಂದೂ ಆಗುತ್ತಿರಲಿಲ್ಲ. ದೊಡ್ಡ ಬಾಗಿಲುಗಳು ತನಗೆ ಮುಚ್ಚಿದವೆಂದು ಆಕೆಯು ಕೈಕಟ್ಟಿ ಕೂತುಕೊಳ್ಳದೆ, ಹತ್ತಿರವಿದ್ದ ಸಣ್ಣ ಕೆಲಸವನ್ನು ಪೂರಾ ಮನಸ್ಸಿನಿಂದ ಮಾಡಿದಳು. ನಮ್ಮ ಮನೆಗಳಲ್ಲಿಯೂ ಕಾಯಿಲೆಯಲ್ಲಿರುವ ಮಗುವುಂಟು. ಕಥೆ ಕೇಳುವದಕ್ಕೆ ಕಾದಿರುವ ಮಗುವುಂಟು. ಹೊಲದಿಂದ ಬಂದ ಆಯಾಸದಲ್ಲಿ ಅದನ್ನು ಆಚೆಗೆ ತಳ್ಳುವ ಮುಂಚೆ ಈ ಸ್ತ್ರೀಯನ್ನು ಸ್ವಲ್ಪ ನೆನಸಿರಿ.